ಓದಿಗೆ ಬೇಕಾಗಿದ್ದ ಮೆಟ್ಟಿಲು

ತಾನು ದಡ್ಡನಲ್ಲ ಎಂಬ ಸಂಗತಿ ಪುರಸಭೆಯ ಜನನ ಮರಣ ವಿಭಾಗದ ಗುಮಾಸ್ತನಿಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಮಗಳ ಶಾಲೆಯಲ್ಲಿ, ಏಳನೇ ತರಗತಿಯ ಮಕ್ಕಳಿಗೆಂದು ಮಾಡಿಸಿದ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಚಿಕೊಂಡು ಕೂತಿದ್ದಾಗ.

ಅಂದು ಪೋಷಕರ ಸಭೆ. ಹೊರಗಿನಿಂದ ಬಂದಿದ್ದ ತರಬೇತಿ ಮೇಡಂ ಒಬ್ಬರು ಬೋರ್ಡಿನ ಮೇಲೆ ಒಂದು ಕಣ್ಣು, ಒಂದು ಕಿವಿ, ಒಂದು ಕಾಲು ಬರೆದು, ಇಡೀ ಮನುಷ್ಯಜಾತಿಯನ್ನು ಮೂರು ಪಾಲು ಮಾಡಿ ಹಂಚಿಬಿಟ್ಟರು. ಕೆಲವರು ನೋಡಿ ಕಲಿಯುತ್ತಾರೆ. ಕೆಲವರು ಕೇಳಿ ಕಲಿಯುತ್ತಾರೆ. ಇನ್ನು ಕೆಲವರಿಗೆ ಮೈ ಓಡಾಡಿದರೇನೇ ತಲೆ ಓಡುವುದು.

"ಮಗು ಓದುವಾಗ ಕಾಲು ಕುಣಿಸಿದ್ರೆ ಬೈಬೇಡಿ. ಅದು ಓದ್ತಾ ಇರೋದೇ ಕಾಲಿಂದ ಇರಬಹುದು" ಎಂದರು ಮೇಡಂ.

ಗುಮಾಸ್ತ ತನ್ನ ಕಾಲನ್ನು ನೋಡಿಕೊಂಡ. ಅದು ಬೆಂಚಿನ ಕೆಳಗೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಅವನು ಕೈ ಎತ್ತಿದ.

"ಮೇಡಂ, ಈ ಮೂರನೇ ತರದವರು ಕೂತ್ಕೊಂಡು ಪರೀಕ್ಷೆಗೆ ಓದಿದ್ರೆ ಏನಾಗುತ್ತೆ?"

"ಓದಿದ್ದು ನಿಲ್ಲೋದಿಲ್ಲ."

"ಎರಡೆರಡು ಸಲ ಓದಿದ್ರೂ?"

"ಹತ್ತು ಸಲ ಓದಿದ್ರೂ ಅಷ್ಟೇ. ಯಾಕೆ, ನಿಮ್ಮ ಮಗು ಆ ತರ ಅನ್ಸುತ್ತಾ?"

ತಾನು ಬಂದಿರುವುದು ಮಗಳ ವಿಷಯಕ್ಕೆ ಎಂಬುದು ಅವನಿಗೆ ಆಗ ನೆನಪಾಯಿತು. "ಅವಳು ಬಿಡಿ, ಚೆನ್ನಾಗೇ ಓದ್ತಾಳೆ" ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿ, ಕೊಲೆ ಆರೋಪದಿಂದ ಬಿಡುಗಡೆಯಾದವನ ಮುಖ ಹೊತ್ತು ಮನೆಗೆ ಬಂದ.

ಅವನ ಮೇಲಿದ್ದ ಆರೋಪವೂ ಸಣ್ಣದಲ್ಲ. ಮೇಲ್ವಿಚಾರಕನ ಹುದ್ದೆಗೆ ಏರಬೇಕಾದರೆ ಪುರಸಭೆಯವರು ರಸ್ತೆ ಒತ್ತುವರಿ ನಿಯಮಗಳ ಮೇಲೆ ಒಂದು ಪರೀಕ್ಷೆ ಇಡುತ್ತಾರೆ. ಗುಮಾಸ್ತ ಅದರಲ್ಲಿ ಎರಡು ಸಲ ಬಿದ್ದಿದ್ದ. ಬಿದ್ದದ್ದರಿಂದ ಈವರೆಗೆ ಯಾರಿಗೂ ನಷ್ಟವಾಗಿರಲಿಲ್ಲ. ಆದರೆ ಈ ಸಲ ಅವನ ಬಾಮೈದನೂ ಪರೀಕ್ಷೆಗೆ ಕಟ್ಟಿದ್ದ. ಅದೇ ಕಚೇರಿಗೆ ಇವನ ಶಿಫಾರಸಿನಿಂದಲೇ ಸೇರಿ, ಇವನ ಮನೆಯ ಒಂದು ಕೋಣೆಯಲ್ಲೇ ಇದ್ದ ಹುಡುಗ. ಅವನು ಪಾಸಾಗಿ ಇವನು ಬಿದ್ದರೆ, ಜನನ ಮರಣ ವಿಭಾಗದ ಗಾಜಿನ ಗೂಡಿನೊಳಗೆ ಬಾಮೈದ ಕೂರುತ್ತಾನೆ. ಹೊಟ್ಟೆನೋವು ಬಂದು ರಜೆ ಬೇಕಾದರೆ ಗುಮಾಸ್ತ ಅವನಿಗೆ "ಮಾನ್ಯರೇ" ಎಂದು ಅರ್ಜಿ ಬರೆಯಬೇಕು. ನಿಜವಾಗಿಯೂ ಹೊಟ್ಟೆ ನೋಯುತ್ತಿದೆಯೇ ಇಲ್ಲವೇ ಎಂಬುದು ಮಾನ್ಯರಿಗೆ ಮನೆಯಲ್ಲೇ ಗೊತ್ತಿರುತ್ತದೆ.

"ಭಾವ, ಒಂದು ವೇಳೆ ಹಾಗೇನಾದ್ರೂ ಆದ್ರೆ," ಎಂದಿದ್ದ ಬಾಮೈದ, ಊಟದ ಮೇಜಿನ ಮುಂದೆ, ಬಹಳ ಮೃದುವಾಗಿ, "ಮನೇಲಿ ನೀವು ನನ್ನನ್ನ ಏಕವಚನದಲ್ಲೇ ಕರೀಬಹುದು. ನಾನೇನೂ ಅಂದ್ಕೊಳ್ಳಲ್ಲ."

ಅಂದಿನಿಂದ ಗುಮಾಸ್ತನಿಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಸಭೆಯಿಂದ ಬಂದವನೇ ಅವನು ಹೆಂಡತಿಗೆ ಹೊಸ ಶಾಸ್ತ್ರವನ್ನು ವಿವರಿಸಿದ. ಅವಳು ಬಟ್ಟೆ ಮಡಚುತ್ತ ಕೇಳಿದಳು. ಬಾಮೈದನೂ ಕೇಳಿ, ತಾನು ಕಿವಿಯ ಪೈಕಿ ಎಂದು ಅಲ್ಲೇ ತೀರ್ಮಾನಿಸಿ, ನಿಯಮಗಳನ್ನೆಲ್ಲ ತನ್ನ ದನಿಯಲ್ಲೇ ಫೋನಿಗೆ ಓದಿಟ್ಟುಕೊಳ್ಳಲು ಅಡುಗೆಮನೆಯ ಮೂಲೆ ಹಿಡಿದ. ಮನೆಯಲ್ಲಿ ಫ್ಯಾನು ಸದ್ದು ಮಾಡದ ಕೋಣೆ ಅದೊಂದೇ. ಅಲ್ಲಿ ಫ್ಯಾನೇ ಇರಲಿಲ್ಲ.

"ನಾನು ಕಾಲು" ಎಂದ ಗುಮಾಸ್ತ.

"ನೀವು ಕಾಲೂ ಅಲ್ಲ, ಕಿವಿಯೂ ಅಲ್ಲ" ಎಂದಳು ಹೆಂಡತಿ. "ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಬಾರದು ಅನ್ನೋದನ್ನ ಹೇಗೆ ಕಲಿತ್ರಿ, ನೆನಪಿದೆಯಾ?"

ಇದಕ್ಕೂ ಅದಕ್ಕೂ ಏನು ಸಂಬಂಧ ಎಂಬ ಮುಖ ಮಾಡಿ ಗುಮಾಸ್ತ ನಿಯಮಗಳ ಪುಸ್ತಕ ಹಿಡಿದು ನಡೆಯತೊಡಗಿದ. ಹಜಾರದಿಂದ ಕೋಣೆಗೆ, ಕೋಣೆಯಿಂದ ಹಜಾರಕ್ಕೆ. ಮೊದಲನೇ ನಿಯಮಕ್ಕೆ ಕುರ್ಚಿಗೆ ಎಡವಿದ. ಎರಡನೆಯದಕ್ಕೆ ಮಗಳು ಅರ್ಧ ಬಿಡಿಸಿದ್ದ ಚಿತ್ರದ ಮೇಲೆ ಕಾಲಿಟ್ಟ. ಮೂರನೆಯದರ ಮಧ್ಯದಲ್ಲಿ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಮಾಳಿಗೆಯನ್ನು, ಅಂದರೆ ಇವರ ನೆಲವನ್ನು, ಕುಟ್ಟತೊಡಗಿದರು. ಹೆಂಡತಿ ಎದ್ದು ಹೊರಬಾಗಿಲು ತೆಗೆದು ಪಕ್ಕಕ್ಕೆ ನಿಂತಳು. ಹೀಗೆ ಶಿಕ್ಷಣಶಾಸ್ತ್ರ ಬೀದಿಗೆ ಬಂತು.

ಅದು ಉದ್ದ ಕಡಿಮೆ, ಅಗಲ ಇನ್ನೂ ಕಡಿಮೆ ಇರುವ ಬೀದಿ. ಅಗಲ ಅಷ್ಟಿದ್ದದ್ದು ಹುಟ್ಟಿನಿಂದಲ್ಲ. ಎರಡೂ ಕಡೆಯ ಮನೆಗಳವರು ವರ್ಷಕ್ಕೆ ಒಂದಿಷ್ಟು ಎಂಬಂತೆ ಅದನ್ನು ಒಳಗೆಳೆದುಕೊಂಡಿದ್ದರು. ಮೊದಲಿಗೆ ಸಿಗುವ ಸಲೂನಿನವನು ಸಿಮೆಂಟಿನ ಅಗಲವಾದ ಮೆಟ್ಟಿಲು ಕಟ್ಟಿಸಿದ್ದ. ಅದರ ಮೇಲೆ ನಾಲ್ಕು ಜನ ಕೂತು ಪೇಪರು ಓದಬಹುದಿತ್ತು. ಅದರಾಚೆ ಹಲ್ಲಿನ ಡಾಕ್ಟರು ತಮ್ಮ ದವಾಖಾನೆಯ ಮುಂದೆ, ಬೋರ್ಡಿಗೆ ಬದಲು, ಕರುವಿನಷ್ಟು ದೊಡ್ಡದಾದ ಒಂದು ಬಿಳಿ ದವಡೆಹಲ್ಲನ್ನು ಕಬ್ಬಿಣದ ಕೋಲಿಗೆ ತೂಗುಹಾಕಿದ್ದರು. ಎತ್ತರದವರು ಬಗ್ಗಿ ಹೋಗಬೇಕು. ಬಗ್ಗದವರು ಡಾಕ್ಟರ ಹತ್ತಿರವೇ ಹೋಗಬೇಕು. ಆಮೇಲೆ ನಿವೃತ್ತ ಹೆಡ್‌ಮಾಸ್ಟರ ಮನೆ. ಅವರ ಗೇಟು ರಸ್ತೆಗೇ ತೆರೆಯುತ್ತಿತ್ತು, ಅದೂ ಸೈಕಲ್ಲು ಬರುವ ಹೊತ್ತು ನೋಡಿಯೇ. ಕೊನೆಯಲ್ಲಿ ಮೂಲೆಮನೆಯ ಅಜ್ಜಿ. ಅಜ್ಜಿಯ ಹೂಕುಂಡಗಳು ಗೋಡೆಯ ಬುಡದಲ್ಲಿ ಹುಟ್ಟಿ, ಸಾಲುಸಾಲಾಗಿ ಮುಂದುವರಿದು, ಈಗ ರಸ್ತೆಯ ಮಧ್ಯದ ಹತ್ತಿರ ಬಂದಿದ್ದವು.

ಎರಡು ಸುತ್ತು ಹಾಕುವಷ್ಟರಲ್ಲಿ ಗುಮಾಸ್ತನಿಗೆ ಮಿಂಚು ಹೊಡೆದಂತಾಯಿತು. ಪುಸ್ತಕದಲ್ಲಿರುವುದೆಲ್ಲ ಬೀದಿಯಲ್ಲೇ ಇದೆ. ನಿಯಮ ಏಳು, ಚಾಚಿಕೊಂಡ ಮೆಟ್ಟಿಲು. ನಿಯಮ ಒಂಬತ್ತು, ತೂಗುವ ಫಲಕ. ಹನ್ನೊಂದು, ಹೊರಕ್ಕೆ ತೆರೆಯುವ ಗೇಟು. ಹದಿನಾಲ್ಕು, ಎತ್ತಿಡಬಹುದಾದ ವಸ್ತುಗಳು. ಒಂದೊಂದು ನಿಯಮವನ್ನೂ ಒಂದೊಂದು ಮನೆಯ ಮುಂದೆ ನಿಲ್ಲಿಸಿಬಿಟ್ಟರೆ, ಪರೀಕ್ಷೆಯ ದಿನ ಕಣ್ಣು ಮುಚ್ಚಿ ಬೀದಿಯಲ್ಲಿ ನಡೆದುಬಂದರಾಯಿತು. ಐದನೇ ನಿಯಮಕ್ಕೆ ಮಾತ್ರ ಬೀದಿಯಲ್ಲಿ ಮನೆ ಸಿಗಲಿಲ್ಲ. ಅದು ನೋಟೀಸನ್ನು ಹೇಗೆ ಕೊಡಬೇಕು ಎಂಬ ಬಗ್ಗೆ ಇತ್ತು. ಅದನ್ನು ಅವನು ನಡೆದಾಡುತ್ತಲೇ ಒಂದು ಸಲ ಗಟ್ಟಿಯಾಗಿ ಓದಿ ಬಿಟ್ಟುಬಿಡುತ್ತಿದ್ದ. ಮನಸ್ಸಿಗೆ ಇಳಿಸಿಕೊಳ್ಳಲಿಲ್ಲ. ಇಳಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಅಂದಿನಿಂದ ದಿನಾ ಸಂಜೆ, ಕಚೇರಿಯ ಪ್ಯಾಂಟು ಅಂಗಿಯಲ್ಲೇ, ಜೇಬಿನಲ್ಲಿ ಪುರಸಭೆಯ ಗುರುತಿನ ಚೀಟಿ ಇಣುಕುತ್ತಿರುವಾಗ, ಗುಮಾಸ್ತ ಸಲೂನಿನ ಮುಂದೆ ಬಂದು ನಿಲ್ಲುತ್ತಿದ್ದ. ಮೆಟ್ಟಿಲನ್ನು ಆ ತುದಿಯಿಂದ ಈ ತುದಿಯವರೆಗೆ ದಿಟ್ಟಿಸುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ, ಬೆರಳೆತ್ತಿ, ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

"ನಿಯಮ ಏಳು. ರಸ್ತೆಯ ಗಡಿಯೊಳಕ್ಕೆ ಚಾಚಿಕೊಂಡಿರುವ ಮೆಟ್ಟಿಲು, ಕಟ್ಟೆ ಮುಂತಾದವುಗಳನ್ನು ನೋಟೀಸು ತಲುಪಿದ ಹದಿನೈದು ದಿನಗಳೊಳಗೆ ಮಾಲೀಕನೇ ತೆಗೆಯತಕ್ಕದ್ದು. ತಪ್ಪಿದಲ್ಲಿ ಪುರಸಭೆಯೇ ಒಡೆಯತಕ್ಕದ್ದು."

ಒಳಗೆ ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟಿದ್ದ ಸಲೂನಿನವನ ಕೈ ಹಾಗೇ ನಿಲ್ಲುತ್ತಿತ್ತು. ಗಿರಾಕಿಯ ಉಸಿರೂ ನಿಲ್ಲುತ್ತಿತ್ತು.

ಮೂರನೇ ಸಂಜೆ ಸಲೂನಿನವನು ಹೊರಗೆ ಬಂದು ಕೈಯೊರೆಸಿಕೊಂಡ. "ಸರ್, ಬನ್ನಿ ಒಳಗೆ. ಗಡ್ಡ ಬಂದಿದೆ ನಿಮಗೆ. ದುಡ್ಡಿನ ಮಾತು ಬೇಡ."

ವಿದ್ಯೆಗೆ ಈ ಬೀದಿಯಲ್ಲಿ ಎಷ್ಟು ಗೌರವ ಎಂದುಕೊಳ್ಳುತ್ತ ಗುಮಾಸ್ತ ಕುರ್ಚಿಯಲ್ಲಿ ಕೂತ. ಸಲೂನಿನವನು ನೊರೆ ಹಚ್ಚುತ್ತ ಮೆಲ್ಲಗೆ ವಿಷಯಕ್ಕೆ ಬಂದ.

"ಯಾವಾಗ ಸರ್ ಅದು?"

"ಇಪ್ಪತ್ತನೇ ತಾರೀಕು. ಅಷ್ಟರೊಳಗೆ ಎಲ್ಲಾ ಮುಗಿದಿರಬೇಕು."

"ನಮ್ಮದೊಂದನ್ನ ಬಿಟ್ಟು..."

"ಒಂದನ್ನೂ ಬಿಡೋ ಹಾಗಿಲ್ಲ" ಎಂದ ಗುಮಾಸ್ತ. "ನಿಮ್ಮದಂತೂ ಬಿಡೋಕಾಗಲ್ಲ. ಹೋದ ಸಲ ಅದನ್ನ ಬಿಟ್ಟಿದ್ದಕ್ಕೇ ನಾನು ಕೆಟ್ಟಿದ್ದು."

ಸಲೂನಿನವನ ಕುಂಚ ಗುಮಾಸ್ತನ ಮೂಗಿನೊಳಗೆ ಹೋಯಿತು. "ಮೇಲಿನವರನ್ನ ಯಾರನ್ನಾದ್ರೂ ಕಂಡ್ರೆ?"

"ಮೇಲಿನವರು ಬಹಳ ಕಟ್ಟುನಿಟ್ಟು ಕಣ್ರೀ. ಎಷ್ಟು ವರ್ಷದಿಂದ ಅಲ್ಲೇ ಕೆಲಸ ಮಾಡ್ತಿದೀನಿ, ನನಗೇ ದಯ ತೋರಿಸಲಿಲ್ಲ."

ಸುದ್ದಿ ಸಲೂನಿನಿಂದ ಹೊರಟರೆ ಬೀದಿಯ ಕೊನೆ ಮುಟ್ಟಲು ಒಂದು ಕ್ಷೌರದ ಹೊತ್ತು ಸಾಕು. ಮರುಸಂಜೆ ಹಲ್ಲಿನ ಡಾಕ್ಟರು ಬಾಗಿಲಿಗೆ ಬಂದು, "ನಿಮ್ಮ ಹಲ್ಲು ಒಂದು ದಿನ ನೋಡ್ತೀನಿ ಬನ್ನಿ, ಫೀಸು ಗೀಸು ಏನೂ ಬೇಡ" ಎಂದರು. ಹೆಡ್‌ಮಾಸ್ಟರು ಎಂದೂ ಇಲ್ಲದ್ದು ಅವನಿಗೇ ಮೊದಲು ನಮಸ್ಕಾರ ಹೊಡೆದು, ಅವನು ದಾಟುವವರೆಗೆ ಗೇಟನ್ನು ಎದೆಗೆ ಅವಚಿಕೊಂಡು ನಿಂತರು. ಮೂಲೆಮನೆಯ ಅಜ್ಜಿ ಮಾತ್ರ ಕುಂಡಗಳ ನಡುವೆ ಮೋರೆ ಗಂಟಿಕ್ಕಿಕೊಂಡು ಕೂತಿದ್ದು, ಅವನು ಹದಿನಾಲ್ಕನೇ ನಿಯಮ ಹೇಳಿ ಮುಗಿಸಿದ ಮೇಲೆ, "ಇನ್ನೊಂದು ಸಲ ಹೇಳು" ಎಂದಳು. ಅವನು ಸಂತೋಷದಿಂದ ಇನ್ನೊಂದು ಸಲ ಹೇಳಿದ. ಅಜ್ಜಿಗೆ ಜ್ಞಾನದ ಹಸಿವು ಎಂದು ಹೆಂಡತಿಗೆ ವರದಿ ಮಾಡಿದ.

ಓದು ಅದ್ಭುತವಾಗಿ ಸಾಗಿತ್ತು. ಮನೆಯಲ್ಲಿ ಬಾಮೈದ ಕಿವಿಗೆ ತಂತಿ ಸಿಕ್ಕಿಸಿಕೊಂಡು ತನ್ನ ದನಿಗೆ ತಾನೇ ತಲೆದೂಗುತ್ತಿದ್ದ. ಗುಮಾಸ್ತ ಅವನನ್ನು ನೋಡಿ ನಗುತ್ತಿದ್ದ. ಒಬ್ಬ ಮನುಷ್ಯ ಒಂದೇ ಕಡೆ ಕೂತು ಏನು ತಾನೇ ಕಲಿತಾನು?

ಪರೀಕ್ಷೆಗೆ ಎರಡು ದಿನ ಇರುವಾಗ, ರಜೆಯ ದಿನ ಬೆಳಿಗ್ಗೆ, ಕೊನೆಯ ಸುತ್ತು ಎಂದು ಹೊರಟ ಗುಮಾಸ್ತ ಸಲೂನಿನ ಮುಂದೆ ನಿಂತು ಕಣ್ಣು ಮುಚ್ಚಿ ಬೆರಳೆತ್ತಿದ. "ನಿಯಮ..." ಎಂದ. ಮುಂದಕ್ಕೆ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಮೆಟ್ಟಿಲೇ ಇಲ್ಲ. ಇದ್ದ ಜಾಗದಲ್ಲಿ ಒದ್ದೆ ಮಣ್ಣು, ನಾಲ್ಕಾರು ಸಿಮೆಂಟಿನ ಚೂರು. ಸಲೂನಿನ ಹೊಸ್ತಿಲು ಸೊಂಟದೆತ್ತರದಲ್ಲಿತ್ತು, ಅದರ ಮೇಲೆ ಸಲೂನಿನವನು ಹಾರೆ ಹಿಡಿದು ನಿಂತಿದ್ದ, ಗೆದ್ದವನಂತೆ.

"ಮೆಟ್ಟಿಲೆಲ್ಲಿ?"

"ಒಡೆದು ಹಾಕಿದೆ ಸರ್. ಇಪ್ಪತ್ತನೇ ತಾರೀಕಿನೊಳಗೆ ಅಂದಿದ್ರಲ್ಲ."

"ಯಾರು ಒಡೀರಿ ಅಂದಿದ್ದು? ನನಗೆ ಆ ಮೆಟ್ಟಿಲು ಬೇಕಾಗಿತ್ತು ಕಣ್ರೀ. ಸೋಮವಾರದವರೆಗಾದ್ರೂ ಇಟ್ಟಿರಬಾರದಿತ್ತಾ?"

ಸಲೂನಿನವನು ಹಾರೆಯನ್ನೂ ಅವನನ್ನೂ ನೋಡಿದ. ಅವನಿಗೆ ಅರ್ಥವಾಗುವ ಮೊದಲೇ ಗುಮಾಸ್ತ ಓಡಿದ್ದ. ಏಳು ಹೋಗಿತ್ತು, ಒಂಬತ್ತನ್ನಾದರೂ ಉಳಿಸಿಕೊಳ್ಳಬೇಕು. ಆದರೆ ದವಾಖಾನೆಯ ಕಬ್ಬಿಣದ ಕೋಲು ಬೋಳಾಗಿತ್ತು. ಒಳಗೆ ನುಗ್ಗಿದರೆ ಆ ಮಹಾ ದವಡೆಹಲ್ಲು ರೋಗಿಗಳು ಕಾಯುವ ಬೆಂಚಿನ ಮೇಲೆ, ಸರದಿಯಲ್ಲಿ ಮೂರನೆಯದಾಗಿ ಕೂತಿತ್ತು.

"ಬನ್ನಿ ಬನ್ನಿ" ಎಂದರು ಹಲ್ಲಿನ ಡಾಕ್ಟರು. ಅವನು ಬಾಯಿ ಬಿಡುವುದೇ ತಡ, ಕುರ್ಚಿಗೆ ಒರಗಿಸಿ, ಬಾಯಿಗೆ ಕನ್ನಡಿ ಇಳಿಸಿ, ಬೆಳಕು ಹಾಕಿದರು. "ಇಳಿಸಿಬಿಟ್ಟೆ ನೋಡಿ. ನಿಮಗೆ ತೊಂದರೆ ಆಗಬಾರದು. ಅಂದಹಾಗೆ ಈ ಆದೇಶ ಯಾರದು? ಅಧ್ಯಕ್ಷರದಾ?"

"ಆ... ಆಆ..."

"ಅದಕ್ಕೂ ಮೇಲಿನವರದಾ?"

ಗುಮಾಸ್ತ ಜೋರಾಗಿ ತಲೆ ಅಲ್ಲಾಡಿಸಿದ. ಡಾಕ್ಟರು ಕನ್ನಡಿ ಹೊರತೆಗೆದರು.

"ಆದೇಶ ಯಾವುದೂ ಇಲ್ಲ ಡಾಕ್ಟ್ರೇ. ನಾನು ಪರೀಕ್ಷೆಗೆ ಓದ್ತಾ ಇದ್ದೆ. ನಾನು ನಡೆದಾಡಿ ಕಲಿಯೋ ಪೈಕಿ."

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆಂಚಿನ ಮೇಲಿದ್ದ ರೋಗಿಗಳಿಬ್ಬರೂ ಸುಮ್ಮನಿದ್ದರು. ಹಲ್ಲಂತೂ ಮೊದಲಿಂದಲೂ ಸುಮ್ಮನಿತ್ತು. ಆಮೇಲೆ ಡಾಕ್ಟರು ಮತ್ತೆ ಅವನ ಬಾಯಿ ಅಗಲಿಸಿ, ಕನ್ನಡಿಯ ಜೊತೆಗೆ ಇನ್ನೊಂದು ಸಲಕರಣೆಯನ್ನೂ ಒಳಗಿಟ್ಟು, ಬೈಯತೊಡಗಿದರು. ಬೈಸಿಕೊಳ್ಳುವವನು ಒಂದು ಮಾತೂ ಎದುರಾಡದಂತೆ ಬೈಯುವ ಅನುಕೂಲ ಹಲ್ಲಿನ ಡಾಕ್ಟರಿಗಿರುವಷ್ಟು ಇನ್ನಾವ ಕಸುಬಿನವರಿಗೂ ಇಲ್ಲ.

"ನಿಯಮ ಒಂಬತ್ತು ನನಗೇ ಬಾಯಿಪಾಠ ಆಗಿದೆಯಲ್ರೀ. ನೆಲದಿಂದ ಎರಡಾಳೆತ್ತರಕ್ಕೆ ಕಡಿಮೆ ಇಲ್ಲದಂತೆ ತೂಗಿದ ಫಲಕಕ್ಕೆ ಅಡ್ಡಿಯಿಲ್ಲ ಅಂತ ಅದರ ಕೊನೇಲೇ ಇದೆ. ಪುಸ್ತಕ ನೋಡ್ಕೊಂಡು ಓದುವಾಗ ಅದನ್ನ ಹೇಳ್ತೀರಿ, ಕಣ್ಣು ಮುಚ್ಚಿದ ಕೂಡಲೇ ನುಂಗಿಹಾಕ್ತೀರಿ. ದಿನಾ ನಾನು ಕಿಟಕಿ ಹತ್ರ ನಿಂತು, ಇವತ್ತಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ. ಹೇಳಿದ್ರೆ ಮೇಲಕ್ಕೆ ಎತ್ತಿ ಕಟ್ಟಿ ಸುಮ್ಮನಾಗ್ತಿದ್ದೆ. ನೀವು ಹೇಳದೆ ಇದ್ದಿದ್ದಕ್ಕೆ, ಪುರಸಭೆಯವರು ಅದನ್ನ ರದ್ದು ಮಾಡಿರಬೇಕು ಅಂದ್ಕೊಂಡೆ."

"ಆಆ" ಎಂದ ಗುಮಾಸ್ತ.

"ಆ ಅಲ್ಲ. ಎರಡಾಳೆತ್ತರ."

ಬಾಯಿ ಬಿಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಪರೀಕ್ಷೆಯ ಸುದ್ದಿ ರೋಗಿಗಳ ಬಾಯಿಂದ ಆಗಲೇ ಹೊರಗೆ ಹೋಗಿ, ಬೀದಿ ಕಾಯುತ್ತಿತ್ತು. ಸಲೂನಿನವನು ಹಾರೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅವನ ಹಿಂದೆ ಅರ್ಧ ಮುಖಕ್ಕೆ ಮಾತ್ರ ಕ್ಷೌರವಾಗಿದ್ದ ಗಿರಾಕಿಯೊಬ್ಬ, ಮೇಲಿಂದ ಇಳಿಯಲಾಗದೆ, ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಹೆಡ್‌ಮಾಸ್ಟರ ಕೈಯಲ್ಲಿ ಗೇಟಿನ ಕೀಲು. ಗೇಟು ಒಳಗೆ ಅಂಗಳದಲ್ಲಿ ಅಂಗಾತ ಮಲಗಿತ್ತು.

"ಸರ್, ಒಂದು ಮಾತು" ಎಂದ ಸಲೂನಿನವನು. "ಎತ್ತಿಡಬಹುದಾದ ಮರದ ಮೆಟ್ಟಿಲಿಗೆ ಈ ನಿಯಮ ಅನ್ವಯಿಸತಕ್ಕದ್ದಲ್ಲ. ಇದು ಏಳರಲ್ಲೇ ಬರುತ್ತಾ, ಇಲ್ವಾ?"

"ಬರು... ಬರುತ್ತಾ?"

"ಎರಡನೇ ಸಂಜೆ ಒಂದೇ ಒಂದು ಸಲ ಓದಿದ್ರಿ. ಮತ್ತೆ ಓದಲೇ ಇಲ್ಲ. ಮರದ್ದು ಮಾಡಿಸೋಣ ಅಂತ ನಾನಂದ್ರೆ ನನ್ನ ಹೆಂಡತಿ ಕೇಳಲಿಲ್ಲ. ಪುರಸಭೆಯವರು ಮರದ ಮಾತು ಎತ್ತುತ್ತಲೇ ಇಲ್ಲ, ಏನೋ ಇದೆ ಅಂದಳು. ಈಗ ನೋಡಿ ಇವರನ್ನ ಇಳಿಸಿ. ನೀವೇ ಎತ್ತಿ ಇಳಿಸಿ."

ಗುಮಾಸ್ತ ಅರ್ಧ ಕ್ಷೌರದ ಗಿರಾಕಿಯನ್ನು ಸೊಂಟ ಹಿಡಿದು ಇಳಿಸಿದ. ಇಳಿದ ಗಿರಾಕಿಯೂ ತನ್ನ ಪಾಲಿನದನ್ನು ಬೈದು ಪಕ್ಕಕ್ಕೆ ನಿಂತ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಏನ್ರೀ, ಐದನೇ ನಿಯಮ ಏನು ಹೇಳುತ್ತೆ?"

"ಐದಕ್ಕೆ... ಐದಕ್ಕೆ ಮನೆ ಸಿಗಲಿಲ್ಲ ಸರ್."

"ಮನೆ ಸಿಗಲಿಲ್ಲ" ಎಂದು ಹೆಡ್‌ಮಾಸ್ಟರು ಇಡೀ ಬೀದಿಗೆ ಅದನ್ನು ತಿರುಗಿ ಹೇಳಿದರು, ತರಗತಿಯಲ್ಲಿ ತಪ್ಪು ಉತ್ತರವನ್ನು ಹೇಳಿ ತೋರಿಸುವಂತೆ. "ಇಷ್ಟೂ ಗೊತ್ತಿಲ್ಲದೆ ಬೀದಿಗೆ ಇಳಿದ್ರಲ್ಲ. ನೋಟೀಸನ್ನು ಬರಹದ ಮೂಲಕವಾಗಲಿ, ಅಥವಾ ಪುರಸಭೆಯ ನೌಕರನೊಬ್ಬನು ಆಯಾ ಬೀದಿಯಲ್ಲಿ ಗಟ್ಟಿಯಾಗಿ ಓದಿ ಸಾರುವ ಮೂಲಕವಾಗಲಿ ಕೊಡತಕ್ಕದ್ದು. ಹೇಳಿ ಈಗ, ನೀವು ಯಾರು?"

"ಪುರಸಭೆಯ ನೌಕರ."

"ಎಲ್ಲಿ ಓದಿದ್ರಿ?"

"ಆಯಾ ಬೀದಿಯಲ್ಲಿ."

"ಹೇಗೆ?"

"ಗಟ್ಟಿಯಾಗಿ."

"ಮತ್ತೆ ನಾವು ಒಡೀದೆ ಇನ್ನೇನು ಮಾಡ್ಬೇಕಿತ್ತು?"

ಗುಮಾಸ್ತ ತಲೆ ತಗ್ಗಿಸಿದ. ಮೂಲೆಮನೆಯ ಕಡೆ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಆದರೆ ಅಜ್ಜಿಯ ದನಿಗೆ ಕಾಲಿತ್ತು, ಅದೇ ಅವನಿದ್ದಲ್ಲಿಗೆ ಬಂತು.

"ಇಲ್ಲಿ ಬಾರಪ್ಪ. ಹತ್ರ ಬಾ. ಅಷ್ಟೂ ಕುಂಡ ನಾನೊಬ್ಬಳೇ ಎತ್ತಿ ಎತ್ತಿ ಒಳಗಿಟ್ಟಿದೀನಿ. ನನ್ನ ಸೊಂಟ ಇದೆಯಲ್ಲ, ಅದು ಹದಿನೈದು ದಿನದ ಸೊಂಟ ಅಲ್ಲ, ಎಪ್ಪತ್ತು ವರ್ಷದ್ದು. ಹದಿನಾಲ್ಕರಲ್ಲಿ ಏನಿದೆ? ಗೋಡೆಯಿಂದ ಒಂದು ಮೊಳದೊಳಗೆ ಇಟ್ಟಿದ್ದಕ್ಕೆ ತಕರಾರಿಲ್ಲ ಅಂತ ಇದೆ. ನೀನು ಆ ಒಂದು ಮೊಳವನ್ನ ಎಲ್ಲಿ ಬಿಟ್ಟು ಬರ್ತಿದ್ದೆ? ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ಅಂತ ನಾನು ಯಾಕೆ ಕೇಳ್ತಿದ್ದೆ ಅಂದ್ಕೊಂಡಿದ್ದೆ, ನಿನ್ನ ದನಿ ಚೆನ್ನಾಗಿದೆ ಅಂತಲಾ? ನಿಮ್ಮಮ್ಮ ನಿನಗೆ ಅಕ್ಷರ ಕಲಿಸುವಾಗಲೂ ಅರ್ಧಕ್ಕೇ ಎದ್ದು ಹೋಗ್ತಿದ್ದೆಯೇನೋ. ಕೂತು ಕಲಿಯೋಕಾಗಲ್ಲವಂತೆ, ನಡೀಬೇಕಂತೆ. ನಡಿ ಮತ್ತೆ, ಕುಂಡ ಎತ್ತು."

ಅಂದು ಮಧ್ಯಾಹ್ನದವರೆಗೆ ಗುಮಾಸ್ತ ಕುಂಡಗಳನ್ನು ಹೊತ್ತು ಗೋಡೆಯ ಬುಡದಲ್ಲಿ, ಒಂದು ಮೊಳದೊಳಗೆ, ಜೋಡಿಸಿದ. ಅಜ್ಜಿ ಮೊಳ ಹಾಕಿ ನೋಡುತ್ತಿದ್ದಳು. ಪ್ರತಿ ಕುಂಡಕ್ಕೂ ಒಂದು ಮಾತು. ಒಂದೂ ಎರಡನೇ ಸಲ ಬಳಸಿದ್ದಲ್ಲ.

ಮನೆಗೆ ಬಂದು ಅವನು ಹಾಸಿಗೆಯಲ್ಲಿ ಬಿದ್ದುಕೊಂಡ. ಪುಸ್ತಕ ಮುಟ್ಟಲಿಲ್ಲ. ಮುಟ್ಟಿ ಏನು ಮಾಡುವುದು? ನಿಯಮಗಳನ್ನು ನಿಲ್ಲಿಸಿದ್ದ ಬೀದಿಯೇ ಖಾಲಿ. ಹಲ್ಲಿಲ್ಲ, ಗೇಟಿಲ್ಲ, ಮೆಟ್ಟಿಲಿಲ್ಲ. ಅಡುಗೆಮನೆಯಿಂದ ಬಾಮೈದನ ದನಿಯಲ್ಲಿ ಹನ್ನೊಂದನೇ ನಿಯಮ ಸಲೀಸಾಗಿ ಹರಿದು ಬರುತ್ತಿತ್ತು. ಗುಮಾಸ್ತ ದಿಂಬಿಗೆ ಮುಖ ಒತ್ತಿ ಮೆಲ್ಲಗೆ ಅಭ್ಯಾಸ ಮಾಡಿಕೊಂಡ: "ಮಾನ್ಯರೇ."

"ಏನಂದ್ರಿ?" ಎಂದಳು ಹೆಂಡತಿ.

"ಏನಿಲ್ಲ."

ಸೋಮವಾರ ಪುರಸಭೆಯ ಸಭಾಂಗಣದಲ್ಲಿ ಪರೀಕ್ಷೆ. ಮೇಲ್ವಿಚಾರಣೆಗೆ ನೀರು ಸರಬರಾಜು ವಿಭಾಗದ ದಪ್ಪ ಮನುಷ್ಯರು ಬಂದಿದ್ದರು. ಬಾಮೈದ ಮುಂದಿನ ಸಾಲಿನಲ್ಲಿ ಎರಡೂ ಕಿವಿಗಳನ್ನು ಚೆನ್ನಾಗಿ ತೊಳೆದುಕೊಂಡು ಕೂತಿದ್ದ. ಪ್ರಶ್ನೆಪತ್ರಿಕೆ ಕೈಗೆ ಬರುತ್ತಲೂ ಗುಮಾಸ್ತ ಎದ್ದು ನಿಂತ.

"ಎಲ್ಲಿಗೆ?" ಎಂದರು ದಪ್ಪ ಮನುಷ್ಯರು.

"ಎಲ್ಲಿಗೂ ಇಲ್ಲ ಸರ್. ಇಲ್ಲೇ ಸ್ವಲ್ಪ ಓಡಾಡಿ ಬರೀತೀನಿ."

"ಕೂತ್ಕೊಳ್ರಿ."

ಕೂತ. ಮೊದಲನೇ ಪ್ರಶ್ನೆ: ಒತ್ತುವರಿ ತೆರವಿನ ನೋಟೀಸನ್ನು ಯಾವ ಯಾವ ವಿಧಾನಗಳಲ್ಲಿ ನೀಡಬಹುದು? ಮನೆ ಸಿಗದ ಐದನೇ ನಿಯಮ. ಗುಮಾಸ್ತ ಪ್ರಶ್ನೆಯನ್ನು ಮತ್ತೊಂದು ಸಲ ಓದಿದ. ಕಣ್ಣು ಮುಚ್ಚಿ ತನ್ನ ಬೀದಿಯನ್ನು ನೆನೆದುಕೊಂಡ. ಅಗಲವಾದ, ಚೊಕ್ಕವಾದ, ಯಾವುದೂ ಎಲ್ಲೂ ಚಾಚಿಕೊಂಡಿಲ್ಲದ ಬೀದಿ. ಹಿಡಿದುಕೊಳ್ಳಲು ಒಂದು ಗೇಟಿನ ಸರಳೂ ಇಲ್ಲ. ಅವನು ಆ ಬಟಾಬಯಲಿನಲ್ಲಿ ನಿಂತೇ ಇದ್ದಾಗ, ಎಡಗಡೆಯಿಂದ ಒಂದು ದನಿ ಬಂತು. ಏನ್ರೀ, ಇಷ್ಟೂ ಗೊತ್ತಿಲ್ಲದೆ ಬೀದಿಗೆ ಇಳಿದ್ರಲ್ಲ.

ಗುಮಾಸ್ತನ ಕಿವಿ ಬಿಸಿಯಾಯಿತು. ಪೆನ್ನು ತಾನಾಗಿ ಓಡಿತು. ಬರಹದ ಮೂಲಕವಾಗಲಿ, ಪುರಸಭೆಯ ನೌಕರನೊಬ್ಬನು ಆಯಾ ಬೀದಿಯಲ್ಲಿ ಗಟ್ಟಿಯಾಗಿ ಓದಿ ಸಾರುವ ಮೂಲಕವಾಗಲಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಲ್ಲ, ಹೆಚ್ಚಿತ್ತು. ಕೊನೆಯಲ್ಲಿ "ಹೇಳಿ ಈಗ, ನೀವು ಯಾರು" ಎಂದೂ ಬರೆದಿದ್ದ. ಅದನ್ನು ಹೊಡೆದು ಹಾಕಿದ.

ಆಮೇಲೆ ಬೀದಿಯೆಲ್ಲ ಅವನನ್ನು ಬೈಯತೊಡಗಿತು. ಮೆಟ್ಟಿಲು ಹೋದ ಜಾಗದಿಂದ ಸಲೂನಿನವನು ಮರದ ಮೆಟ್ಟಿಲಿನ ವಿನಾಯಿತಿ ಕೊಟ್ಟ. ಫಲಕದ ಎತ್ತರ ಕೇಳಿದ ಪ್ರಶ್ನೆ ಬಂದಾಗ ಗುಮಾಸ್ತನ ಬಾಯಿ ತಾನಾಗಿ ತೆರೆದುಕೊಂಡಿತು, ದಪ್ಪ ಮನುಷ್ಯರು ಆಕಳಿಕೆ ಎಂದುಕೊಂಡು ತಾವೂ ಆಕಳಿಸಿದರು. ಎರಡಾಳೆತ್ತರ. ಹದಿನಾಲ್ಕನೆಯದಕ್ಕೆ ಅಜ್ಜಿ ಬಂದಳು, ಆಗ ಕಾಗದ ಸಾಲಲಿಲ್ಲ. ಗುಮಾಸ್ತ ಎದ್ದು ನಿಂತು ಹೆಚ್ಚಿನ ಹಾಳೆ ಕೇಳಿದ. ಅವನ ಇಡೀ ಸೇವಾವಧಿಯಲ್ಲಿ ಅವನು ಹೆಚ್ಚಿನ ಹಾಳೆ ಕೇಳಿದ್ದು ಅದೇ ಮೊದಲು. ಮುಂದಿನ ಸಾಲಿನಿಂದ ಬಾಮೈದ ಹಿಂದಿರುಗಿ ನೋಡಿದ. ಅವನ ಮುಖ ಗೊಂದಲದಲ್ಲಿತ್ತು.

ಗೊಂದಲಕ್ಕೆ ಕಾರಣ ಸಂಜೆ ತಿಳಿಯಿತು. ಅಡುಗೆಮನೆಯಲ್ಲಿ ಓದಿಟ್ಟುಕೊಂಡ ನಿಯಮಗಳ ನಡುವೆ ಅಕ್ಕನ ದನಿಯೂ ಸೇರಿಕೊಂಡಿತ್ತು. ಕೇಳಿ ಕೇಳಿ ಎರಡೂ ಒಂದಾಗಿ, ಹನ್ನೆರಡನೇ ನಿಯಮದ ಮಧ್ಯೆ ಅವನು, ಸದರಿ ಚಾವಣಿಯನ್ನು ಎರಡು ಸೀಟಿ ಬಂದ ಮೇಲೆ ಇಳಿಸತಕ್ಕದ್ದು, ಎಂದು ಬರೆದಿದ್ದ.

"ತೊಂದರೆ ಇಲ್ಲ ಬಿಡು" ಎಂದ ಗುಮಾಸ್ತ ದೊಡ್ಡ ಮನಸ್ಸಿನಿಂದ. "ಮನೇಲಿ ನಾನು ನಿನ್ನನ್ನ ಏಕವಚನದಲ್ಲೇ ಕರೀತೀನಿ."

ಫಲಿತಾಂಶ ಬಂದಾಗ ಇಬ್ಬರೂ ಪಾಸಾಗಿದ್ದರು. ಎರಡು ಸೀಟಿಯನ್ನು ಮೌಲ್ಯಮಾಪಕರು ಗಮನಿಸಿರಲಿಲ್ಲ, ಅಥವಾ ಗಮನಿಸಿ ಮನೆಯ ನೆನಪಾಗಿ ಬಿಟ್ಟುಬಿಟ್ಟಿದ್ದರು. ಬಾಮೈದನನ್ನು ಬೀದಿದೀಪ ವಿಭಾಗದ ಮೇಲ್ವಿಚಾರಕನಾಗಿ ಊರಿನ ಆ ತುದಿಯ ಕಚೇರಿಗೆ ಹಾಕಿದರು. ಗುಮಾಸ್ತನಿಗೆ ಒತ್ತುವರಿ ವಿಭಾಗದ ಗಾಜಿನ ಗೂಡು. ಅಂದು ಅವನು ಊಟಕ್ಕೆ ಎರಡನೇ ಸಲ ಬಡಿಸಿಕೊಂಡ. ಹೆಂಡತಿ ಕಾರಣ ಕೇಳಲಿಲ್ಲ, ಬಡಿಸಿದಳು.

ಹೊಸ ಹುದ್ದೆಯ ಮೊದಲ ವಾರವೇ ದೊಡ್ಡ ಸಾಹೇಬರು ಒತ್ತುವರಿ ತೆರವಾದ ಯಾವುದಾದರೊಂದು ಬೀದಿ ತೋರಿಸಿ ಎಂದರು. ಗುಮಾಸ್ತ, ಈಗ ಮೇಲ್ವಿಚಾರಕ, ತನ್ನದನ್ನೇ ತೋರಿಸಿದ. ಸಾಹೇಬರು ಈ ತುದಿಯಿಂದ ಆ ತುದಿಗೆ ನಡೆದರು. ಸಲೂನಿನ ಮುಂದೆ ಮರದ ಮೆಟ್ಟಿಲು, ಎರಡು ಹಿಡಿಕೆ ಸಮೇತ. ಎರಡಾಳೆತ್ತರದಲ್ಲಿ, ಹೊಸದಾಗಿ ಬಣ್ಣ ಹೊಡೆದ, ಈಗ ಮೂರು ಬೀದಿಯಾಚೆಗೂ ಕಾಣುವ ಹಲ್ಲು. ಹೀಗೆ ಕಾಣತೊಡಗಿದ ಮೇಲೆ ಬೆಂಚಿನಲ್ಲಿ ಜಾಗ ಸಾಲುತ್ತಿಲ್ಲವೆಂದು ಡಾಕ್ಟರು ಸಾಹೇಬರಿಗೆ ನಗುನಗುತ್ತ ಹೇಳಿದರು. ಹೆಡ್‌ಮಾಸ್ಟರ ಗೇಟು ಒಳಕ್ಕೆ ತೆರೆಯುತ್ತಿತ್ತು. ಕುಂಡಗಳು ಮೊಳದೊಳಗೆ.

"ಯಾರು ತೆರವು ಮಾಡಿಸಿದ್ದು? ಎಷ್ಟು ಜನ ಪೊಲೀಸರು ಬೇಕಾದ್ರು?" ಎಂದರು ಸಾಹೇಬರು.

ಗುಮಾಸ್ತ ಹೆಡ್‌ಮಾಸ್ಟರ ಕಡೆ ನೋಡಿದ. ಸಲೂನಿನವನ ಕಡೆ ನೋಡಿದ. ಆ ಹೊತ್ತಿಗೆ ಅವನ ಜೀವ ಅವರ ನಾಲಗೆಯ ತುದಿಯಲ್ಲಿತ್ತು.

"ಪೊಲೀಸು ಯಾಕೆ" ಎಂದರು ಹೆಡ್‌ಮಾಸ್ಟರು. "ಐದನೇ ನಿಯಮದ ಪ್ರಕಾರ ಸಾರಿದ್ರು. ಗಟ್ಟಿಯಾಗಿ. ನಾವು ತೆಗೆದ್ವಿ."

ಸಲೂನಿನವನು ತಲೆಯಾಡಿಸಿದ. ಹಲ್ಲಿನ ಡಾಕ್ಟರೂ ತಲೆಯಾಡಿಸಿದರು. ಸಾಹೇಬರು, ಐದನೇ ನಿಯಮವನ್ನು ಪಾಲಿಸಿದ ನೌಕರನನ್ನು ತಮ್ಮ ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ಗುಮಾಸ್ತನ ಬೆನ್ನು ತಟ್ಟಿ, "ಮುಂದಿನ ವರ್ಷ ಹಿರಿಯ ಮೇಲ್ವಿಚಾರಕರ ಪರೀಕ್ಷೆ ಇದೆ. ನೀವು ತಗೊಳ್ಳಲೇಬೇಕು. ಕಟ್ಟಡ ನಿಯಮ, ಸ್ವಲ್ಪ ದಪ್ಪ ಪುಸ್ತಕ" ಎಂದು ಹೇಳಿ ಕಾರು ಹತ್ತಿದರು.

ಕಾರು ಆ ಅಗಲವಾದ ಬೀದಿಯಲ್ಲಿ ಯಾವುದಕ್ಕೂ ತಾಗದೆ ಹೋಯಿತು. ಗುಮಾಸ್ತ ಅದು ತಿರುವು ದಾಟುವವರೆಗೆ ನೋಡುತ್ತ ನಿಂತ. ಆಮೇಲೆ ಮೂಲೆಮನೆಯ ಕಡೆ ನಡೆದ. ಅಜ್ಜಿ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಅವನು ಸ್ವಲ್ಪ ಹೊತ್ತು ನಿಂತು ಚಡಪಡಿಸಿದ.

"ಏನು?" ಎಂದಳು ಅಜ್ಜಿ.

"ಅಜ್ಜಿ, ಇನ್ನೊಂದು ಪರೀಕ್ಷೆ ಇದೆಯಂತೆ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನೀರಿನ ಪಾತ್ರೆ ಕೆಳಗಿಟ್ಟು, ಜಗಲಿಯ ಮೇಲೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

"ನಡೆಯೋದೇನೂ ಬೇಡ. ಪುಸ್ತಕ ತಗೊಂಡು ಬಂದು ಇಲ್ಲಿ ಕೂತ್ಕೋ. ನೀನು ಓದು, ನಾನು ಬೈತೀನಿ."